ಚಳಿಗಾಲದಲ್ಲಿ ಕಾರವಾರದಿಂದ ಶಿರಸಿಯವರೆಗೆ: ಏನು ನೋಡುವುದು, ಹೇಗೆ ಹೋಗುವುದು

ಉತ್ತರ ಕನ್ನಡದಲ್ಲಿ ಹಬ್ಬದ ಸೀಸನ್ ಶುರುವಾಗುವುದು ಗದ್ದೆ ಒಣಗಿದ ಮೇಲೆ. ದೀಪಾವಳಿ ಕಳೆದು ಭತ್ತದ ಕೊಯ್ಲು ಮುಗಿಯಿತು ಎಂದರೆ ಅದೇ ಗದ್ದೆ ಯಕ್ಷಗಾನದ ಆಟದ ಬಯಲು, ಅದೇ ಜಾತ್ರೆ ಅಂಗಡಿಗಳ ಸಾಲು, ಅದೇ ಬೈಕು ನಿಲ್ಲಿಸುವ ಜಾಗ. ಮಳೆಯ ಹೆದರಿಕೆ ಇಲ್ಲ. ರಾತ್ರಿ ಹೊರಗೆ ಕೂರಲು ಹಿತ. ಅಲ್ಲಿಂದ ಶಿವರಾತ್ರಿಯವರೆಗೆ ಜಿಲ್ಲೆಯ 12 ತಾಲ್ಲೂಕುಗಳಲ್ಲಿ ಎಲ್ಲಾದರೂ ಒಂದು ಕಡೆ ಚಂಡೆ ಕೇಳಿಸುತ್ತಲೇ ಇರುತ್ತದೆ.

"ಕ್ರಿಸ್‌ಮಸ್ ರಜೆಗೆ ಬರ್ತೇವೆ, ಏನಿದೆ ಅಲ್ಲಿ?" ಎಂದು ಊರ ಹೊರಗಿನ ನೆಂಟರು ಫೋನ್ ಮಾಡುತ್ತಾರೆ. ಉತ್ತರ ಕೊಡುವುದು ಕಷ್ಟ. ಇಲ್ಲಿನ ಹೆಚ್ಚಿನ ಕಾರ್ಯಕ್ರಮಗಳಿಗೆ ರಜೆಯ ಲೆಕ್ಕ ಗೊತ್ತಿಲ್ಲ, ತಿಥಿಯ ಲೆಕ್ಕ ಮಾತ್ರ ಗೊತ್ತು. ಹಾಗಾಗಿ ರೂಮ್ ಬುಕ್ ಮಾಡುವ ಮೊದಲು ಪಂಚಾಂಗ ತೆರೆಯಿರಿ. ಉಳಿದದ್ದು ಅಲ್ಲಿಂದ ಮುಂದೆ.

1. ಮೊದಲು ತಿಥಿ, ಆಮೇಲೆ ತಾರೀಖು

ಚಳಿಗಾಲದ ಕಾರ್ಯಕ್ರಮಗಳನ್ನು ಮೂರು ಗುಂಪು ಮಾಡಿಕೊಂಡರೆ ಯೋಜನೆ ಸುಲಭ.

ಒಂದು, ತಾರೀಖು ಬದಲಾಗದವು. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ, ಕ್ರಿಸ್‌ಮಸ್, ಹೆಚ್ಚುಕಮ್ಮಿ ಸಂಕ್ರಾಂತಿ ಕೂಡ. ಇವಕ್ಕೆ ತಲೆಬಿಸಿ ಇಲ್ಲ.

ಎರಡು, ತಿಥಿಯ ಮೇಲೆ ನಡೆಯುವವು. ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಪುಷ್ಯ ಹುಣ್ಣಿಮೆಗೆ. ಆ ಹುಣ್ಣಿಮೆ 2019ರಲ್ಲಿ ಜನವರಿ 21ಕ್ಕೆ ಬಂದಿತ್ತು, 2026ರಲ್ಲಿ ಜನವರಿ 3ಕ್ಕೇ ಬಂತು. ಹೋದ ವರ್ಷದ ತಾರೀಖು ನೆನಪಿಟ್ಟುಕೊಂಡು ಹೊರಟರೆ ಖಾಲಿ ದಡ ನೋಡಿ ಬರಬೇಕಾಗುತ್ತದೆ. ಇಡಗುಂಜಿ ತೇರು ರಥಸಪ್ತಮಿಗೆ. ಗೋಕರ್ಣದ ದೊಡ್ಡ ತೇರು ಶಿವರಾತ್ರಿಯ ಹೊತ್ತಿಗೆ. ಕಾರ್ತಿಕ ಮಾಸದ ದೀಪೋತ್ಸವಗಳು, ದೇವರ ಪಲ್ಲಕ್ಕಿಯನ್ನು ತೋಪಿಗೆ ಒಯ್ದು ಅಲ್ಲೇ ಊಟ ಹಾಕುವ ವನಭೋಜನ, ಇವೆಲ್ಲ ಇದೇ ಗುಂಪಿನವು.

ಮೂರು, ಸರ್ಕಾರ ನಡೆಸುವ ಉತ್ಸವಗಳು. ಇಲ್ಲಿ ಹುಷಾರಾಗಿರಬೇಕು. ಕಾರವಾರದ ಕರಾವಳಿ ಉತ್ಸವ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನದು, ಆದರೆ ಪ್ರತಿ ವರ್ಷ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಬನವಾಸಿಯ ಕದಂಬೋತ್ಸವವೂ ಹಾಗೇ. ಒಂದು ವರ್ಷ ಫೆಬ್ರವರಿ ಕೊನೆ, ಇನ್ನೊಂದು ವರ್ಷ ಮಾರ್ಚ್, 2025ರಲ್ಲಿ ಏಪ್ರಿಲ್‌ಗೇ ಹೋಯಿತು. ಚುನಾವಣೆ, ಅನುದಾನ, ಮಂತ್ರಿಗಳ ಪುರಸೊತ್ತು, ಎಲ್ಲ ಕೂಡಿ ಬಂದ ಮೇಲೆಯೇ ತಾರೀಖು. ಜಿಲ್ಲಾಡಳಿತದ ಪ್ರಕಟಣೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವವರೆಗೆ ನಂಬಬೇಡಿ. ಇವನ್ನು ಸಿಕ್ಕರೆ ಲಾಭ ಎಂದು ಇಟ್ಟುಕೊಳ್ಳಿ. ಪ್ರವಾಸವನ್ನು ಮಾತ್ರ ತಿಥಿಯ ಸುತ್ತ ಕಟ್ಟಿ.

2. ಕರಾವಳಿಯೋ, ಘಟ್ಟದ ಮೇಲೋ

ಎರಡನ್ನೂ ಒಂದೇ ವಾರಾಂತ್ಯದಲ್ಲಿ ತುರುಕಬೇಡಿ. ನಕಾಶೆಯಲ್ಲಿ ಹತ್ತಿರ ಕಾಣುತ್ತದೆ, ಆದರೆ ಕಾರವಾರದಿಂದ ಶಿರಸಿಗೆ ಸುಮಾರು 120 ಕಿಲೋಮೀಟರ್, ಅದರಲ್ಲಿ ಘಟ್ಟದ ತಿರುವುಗಳೇ ಬೇಕಾದಷ್ಟು. ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸಕ್ಕಾಗಿ ಆಗಾಗ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ದಿನ ಒಮ್ಮೆ ವಿಚಾರಿಸಿ.

ಡಿಸೆಂಬರ್-ಜನವರಿ ಕರಾವಳಿಗೆ ಇಡಿ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಶಿರಸಿ, ಸಿದ್ದಾಪುರ ಕಡೆಗೆ ಇಡಿ. ಕಬ್ಬು ಅರೆಯುವುದು ಆಗಲೇ.

ಕರಾವಳಿಗೆ ರೈಲೇ ಸುಖ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕರಾವಳಿಯ ಊರುಗಳನ್ನು ಮುಟ್ಟುತ್ತ ಕಾರವಾರಕ್ಕೆ ಬರುತ್ತದೆ. ರಜೆಯ ಹೊತ್ತಿನಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ, ಬುಕಿಂಗ್ ತೆರೆದ ದಿನವೇ ಕೂತುಬಿಡಿ. ಶಿರಸಿಗೆ ರೈಲಿಲ್ಲ, ಬಸ್ಸೇ ಗತಿ. ವಾಯವ್ಯ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಂಟು. ಆಧಾರ್ ಕಾರ್ಡು ಕೈಯಲ್ಲಿರಲಿ.

3. ಕಾರವಾರದಲ್ಲಿ ಒಂದು ಸಂಜೆ

ಭಾನುವಾರ ಬರುವ ಹಾಗೆ ನೋಡಿಕೊಳ್ಳಿ. ಅವತ್ತು ಪೇಟೆಯಲ್ಲಿ ಸಂತೆ. ಹಾಲಕ್ಕಿ ಸಮುದಾಯದ ಹೆಂಗಸರು ತಂದ ಸೊಪ್ಪು-ತರಕಾರಿ, ಘಟ್ಟದ ಮೇಲಿನಿಂದ ಬಂದ ಗಾಡಿಗಳ ಈರುಳ್ಳಿ, ಮೆಣಸು, ನಡುವೆ ಕೊಂಕಣಿ, ಕನ್ನಡ, ಮರಾಠಿ ಕಲಸಿದ ಚೌಕಾಸಿ. ಸಂಕ್ರಾಂತಿ ಹತ್ತಿರ ಬಂದಿದ್ದರೆ ಸಂಕ್ರಾಂತಿ ಕಾಳು ಕೇಳಿ. ಎಳ್ಳಿಗೆ ಸಣ್ಣ ಉರಿಯಲ್ಲಿ ಸಕ್ಕರೆ ಪಾಕ ಹನಿ ಹನಿ ಹಾಕುತ್ತ, ಕೈಯಲ್ಲೇ ಆಡಿಸುತ್ತ, ಮುಳ್ಳು ಏಳುವವರೆಗೆ ಮಾಡುವ ಕೆಲಸ ಅದು. ಬಣ್ಣದ್ದು ನೋಡಲು ಚಂದ, ಬಿಳಿಯದು ತಿನ್ನಲು.

ಮಧ್ಯಾಹ್ನದ ಊಟಕ್ಕೆ ಮೀನಿನ ಥಾಲಿ. ಜೊತೆಗೆ ಕುಡಿಯಲು ಮುರುಗಲಿನ (ಕೋಕಂ) ಸೋಲ್ ಕಡಿ. ದೊಡ್ಡ ಬೋರ್ಡಿನ ಹೋಟೆಲ್ ಹುಡುಕುವುದಕ್ಕಿಂತ ಒಂದೂವರೆ ಗಂಟೆಗೆ ಕಚೇರಿಯವರು ಸಾಲುಗಟ್ಟಿದ ಕಡೆ ಹೋಗಿ. ಎರಡೂವರೆ ದಾಟಿದರೆ ಒಳ್ಳೆಯ ಮೀನು ಖಾಲಿ.

ಸಂಜೆ ಐದಕ್ಕೆ ಟಾಗೋರ್ ಕಡಲತೀರದಲ್ಲಿರಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು 6.10ರ ಆಸುಪಾಸು. ಅಷ್ಟರೊಳಗೆ ಪಕ್ಕದ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ ನೋಡಿ ಮುಗಿಸಬಹುದು. ನಿಜವಾದ ಕ್ಷಿಪಣಿ ನೌಕೆಯನ್ನೇ ದಡಕ್ಕೆ ತಂದು ನಿಲ್ಲಿಸಿದ್ದಾರೆ, ಮಕ್ಕಳಿಗೆ ಖುಷಿ. ಕಡಲತೀರದ ಹೆಸರಿನ ಹಿಂದೆ ಕಥೆಯೂ ಉಂಟು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ತರುಣ ಕವಿ ಇಲ್ಲಿಗೆ ಬಂದು ಉಳಿದಿದ್ದರು.

ಕರಾವಳಿ ಉತ್ಸವ ಇದ್ದರೆ ಅದರ ದೊಡ್ಡ ವೇದಿಕೆ ಇದೇ ಕಡಲತೀರದಲ್ಲಿ, ಮಯೂರವರ್ಮ ವೇದಿಕೆ. ಜನ ಬರುವುದು ರಾತ್ರಿ ಒಂಬತ್ತರ ಮೇಲೆ, ಸಿನಿಮಾ ಗಾಯಕರಿಗಾಗಿ. ನನ್ನ ಸಲಹೆ ಉಲ್ಟಾ. ಸಂಜೆಯ ಹೊತ್ತು, ಕುರ್ಚಿಗಳು ಇನ್ನೂ ಖಾಲಿ ಇರುವಾಗ ಹೋಗಿ. ಆಗ ವೇದಿಕೆ ಮೇಲೆ ಸ್ಥಳೀಯ ತಂಡಗಳಿರುತ್ತವೆ. ಹಾಲಕ್ಕಿಗಳ ಸುಗ್ಗಿ ಕುಣಿತ, ಸಿದ್ದಿ ಸಮುದಾಯದ ಡಮಾಮಿ ಕುಣಿತ, ಗುಮಟೆ ವಾದ್ಯ ಬಾರಿಸುತ್ತ ಹಾಡುವ ಗುಮಟೆ ಪಾಂಗ್. ಸಿನಿಮಾ ಹಾಡು ಯಾವ ಊರಲ್ಲೂ ಸಿಗುತ್ತದೆ. ಮಣ್ಣಿನ ಗುಮಟೆಯ ಸದ್ದು ಬೇರೆ ಕಡೆ ಎಲ್ಲಿ ಸಿಗಬೇಕು? ಪರ ಊರಿನವರಿಗೆ ಇನ್ನೊಂದು ಮಾತು. ರಾತ್ರಿ ಕಾರ್ಯಕ್ರಮ ಮುಗಿದಾಗ ಎಲ್ಲರೂ ಒಟ್ಟಿಗೆ ಹೆದ್ದಾರಿಗೆ ಬೀಳುತ್ತಾರೆ. ಗಾಡಿಯನ್ನು ಪೇಟೆಯೊಳಗೆ ದೂರ ನಿಲ್ಲಿಸಿ ನಡೆದು ಬಂದವರೇ ಮೊದಲು ಮನೆ ಸೇರುತ್ತಾರೆ.

4. ಕೂರ್ಮಗಡಕ್ಕೆ ಹೋಗುವುದಾದರೆ

ಕಾರವಾರದ ಎದುರಿನ ದ್ವೀಪದಲ್ಲಿ ನರಸಿಂಹ ದೇವರು. ಪುಷ್ಯ ಹುಣ್ಣಿಮೆಯಂದು ಕೋಡಿಬಾಗ, ಬೈತಕೋಲ ಕಡೆಯಿಂದ ದೋಣಿಗಳು ಹೊರಡುತ್ತವೆ. ಮೀನುಗಾರರು ತಮ್ಮ ಬೋಟುಗಳನ್ನು ಸಿಂಗರಿಸಿರುತ್ತಾರೆ. ಹರಕೆಗೆ ಬಾಳೆಗೊನೆ ಒಯ್ಯುವುದು ರೂಢಿ. ಸಮುದ್ರದ ನಡುವೆ ಜಾತ್ರೆ ನೋಡುವ ಅವಕಾಶ ವರ್ಷಕ್ಕೊಮ್ಮೆ, ಬಿಡಬಾರದು.

ಆದರೆ 2019ರ ಜನವರಿ 21 ಮರೆಯಬಾರದು. ಜಾತ್ರೆಯಿಂದ ವಾಪಸು ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹಾಗಾಗಿ ಇಲ್ಲಿ ನಿಯಮ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದೊಳಗೆ ತಿರುಗಿ ಬನ್ನಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುತ್ತದೆ, ನೀರು ಸಮತಟ್ಟಾಗಿರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ಕಡಲ ಕಡೆಯಿಂದ ತಿರುಗುತ್ತದೆ, ತೆರೆ ಏಳುತ್ತದೆ. ಹೋಗುವಾಗಿನ ಸಮುದ್ರವೇ ಬರುವಾಗಲೂ ಇರುತ್ತದೆ ಎಂದುಕೊಳ್ಳಬೇಡಿ.

ಲೈಫ್ ಜಾಕೆಟ್ ಕೊಡದ ದೋಣಿ ಹತ್ತಲೇಬೇಡಿ. ಕೊಟ್ಟರೆ ಸುಮ್ನೆ ತೊಡೆಯ ಮೇಲೆ ಇಟ್ಟುಕೊಳ್ಳದೆ ಕಟ್ಟಿಕೊಳ್ಳಿ. ಜನ ತುಂಬಿದೆ ಅನಿಸಿದರೆ ಮುಂದಿನ ದೋಣಿಗೆ ಕಾಯಿರಿ. "ಇನ್ನಿಬ್ಬರು ಬನ್ನಿ, ಆಗ್ತದೆ" ಎಂದು ಕರೆದರೂ ಬೇಡ. ದೋಣಿ ನಡೆಯುವಾಗ ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲುವುದು ಎಲ್ಲಕ್ಕಿಂತ ಅಪಾಯ. ದ್ವೀಪದಲ್ಲಿ ಹತ್ತಲು ಇದೆ, ಜಾರದ ಚಪ್ಪಲಿ ಹಾಕಿ. ಕುಡಿಯುವ ನೀರು ನಿಮ್ಮದೇ ಇರಲಿ.

ಕಡಲಿಗೆ ಇಳಿಯುವವರಿಗೂ ಇದೇ ಮಾತು. ಚಳಿಗಾಲದಲ್ಲಿ ಸಮುದ್ರ ಸೌಮ್ಯ ಎಂಬ ನಂಬಿಕೆಯಲ್ಲಿ ಎಷ್ಟೋ ಜನ ಸೊಂಟದವರೆಗೆ ಇಳಿದುಬಿಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ.

5. ಕ್ರಿಸ್‌ಮಸ್, ಹೊಸ ವರ್ಷ

ಡಿಸೆಂಬರ್ ಮೊದಲ ವಾರ ಕುಮಟಾ-ಹೊನ್ನಾವರ ಕಡೆ ಇದ್ದರೆ ಚಂದಾವರದ ಇಗರ್ಜಿಗೆ ಹೋಗಿ. ಸಂತ ಫ್ರಾನ್ಸಿಸ್ ಝೇವಿಯರ್ ಫೆಸ್ತ್‌ಗೆ ಎಲ್ಲ ಜಾತಿ-ಧರ್ಮದವರೂ ಹರಕೆ ಹೊತ್ತು ಬರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಹೊರಗೆ ಬಳೆ, ಮಿಠಾಯಿ, ಆಟಿಕೆ ಅಂಗಡಿಗಳು. ನಮ್ಮ ಯಾವುದೇ ಜಾತ್ರೆಗೂ ಇದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ.

ಕಾರವಾರ ಕ್ರೈಸ್ತ ಧರ್ಮಪ್ರಾಂತ್ಯದ ಕೇಂದ್ರ. 24ರ ರಾತ್ರಿಯ ಪೂಜೆಗೆ ಬೇರೆಯವರೂ ಹಿಂದಿನ ಸಾಲಿನಲ್ಲಿ ಕೂರಬಹುದು. ಮೊಬೈಲ್ ಸದ್ದು ನಿಲ್ಲಿಸಿ, ಪ್ರಸಾದದ ಸಾಲಿಗೆ ಹೋಗಬೇಡಿ, ಅಷ್ಟು ಸಾಕು. ಮರುದಿನ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡಲು ಓಣಿ ಓಣಿ ಸುತ್ತಿ. ಪರಿಚಯದ ಮನೆ ಇದ್ದರೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ. ನೆವರಿ, ಕಲ್ಕಲ್, ದೋದೋಲ್. ದೋದೋಲ್ ಮೊದಲು ತಿನ್ನಿ, ಅದು ಬೇಗ ಮುಗಿಯುತ್ತದೆ.

ಹೊಸ ವರ್ಷಕ್ಕೆ ಗೋಕರ್ಣ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿಸೆಂಬರ್ 24ರಿಂದ ಜನವರಿ 2ರವರೆಗೆ ಓಂ ಬೀಚಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ರೂಮಿನ ದರ ಮೂರು ಪಟ್ಟು. ಅದೇ ದುಡ್ಡಿಗೆ ಹೊನ್ನಾವರದಲ್ಲಿ ಆರಾಮಾಗಿ ಇರಬಹುದು. ಕಾಸರಕೋಡಿನ ಇಕೋ ಬೀಚ್, ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಕಾಲುದಾರಿ, ಎಲ್ಲ ಹತ್ತಿರ. ಗೋವಾಕ್ಕೆ ಹೋಗಿ ಬರುವವರಿಗೆ ಒಂದು ಕಿವಿಮಾತು. ವಾಪಸು ಬರುವಾಗ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಬಾಟಲಿ ತರಬೇಡಿ.

6. ಆಟಕ್ಕೆ ಹೋಗುವ ಕ್ರಮ

ಚಳಿಗಾಲದಲ್ಲಿ ಇಲ್ಲಿಗೆ ಬಂದು ಯಕ್ಷಗಾನ ನೋಡದೆ ಹೋದರೆ ಅರ್ಧ ಪ್ರವಾಸ ಅಷ್ಟೇ. ಮೇಳಗಳು ದೀಪಾವಳಿಯ ನಂತರ ಹೊರಟು ಮಳೆಗಾಲದ ಬಾಗಿಲಿನವರೆಗೆ ತಿರುಗಾಟದಲ್ಲಿರುತ್ತವೆ. ಎಲ್ಲಿದೆ ಎಂದು ಹುಡುಕುವುದು ಸುಲಭ. ಬಸ್‌ಸ್ಟ್ಯಾಂಡಿನ ಗೋಡೆ, ಚಾ ಅಂಗಡಿಯ ಕಂಬ, ಹ್ಯಾಂಡ್‌ಬಿಲ್ ಅಲ್ಲೇ ಇರುತ್ತದೆ. ಇಲ್ಲವೆಂದರೆ ಮಧ್ಯಾಹ್ನ ಮೈಕು ಕಟ್ಟಿಕೊಂಡ ರಿಕ್ಷಾ ಬಂದೇ ಬರುತ್ತದೆ. ಈಗ ವಾಟ್ಸಾಪ್ ಗುಂಪುಗಳೂ ಇವೆ, ಉಳಿದುಕೊಂಡ ಮನೆಯವರನ್ನು ಕೇಳಿದರೆ ಇವತ್ತು ರಾತ್ರಿ ಎಲ್ಲೆಲ್ಲಿ ಎಂಬ ಪಟ್ಟಿಯೇ ಸಿಗುತ್ತದೆ.

ಹ್ಯಾಂಡ್‌ಬಿಲ್ಲಿನಲ್ಲಿ ಮೂರು ಸಂಗತಿ ನೋಡಿ. ಮೊದಲನೆಯದು 'ಕಾಲಮಿತಿ' ಎಂದು ಬರೆದಿದೆಯೋ ಇಲ್ಲವೋ. ಬರೆದಿದ್ದರೆ ನಡುರಾತ್ರಿಯೊಳಗೆ ಮುಗಿಯುತ್ತದೆ, ಹೊಸಬರಿಗೆ ಇದೇ ಒಳ್ಳೆಯದು. ಇಲ್ಲದಿದ್ದರೆ ಬೆಳಗಿನವರೆಗೆ. ಎರಡನೆಯದು ಪ್ರಸಂಗ. ಮಹಾಭಾರತ, ರಾಮಾಯಣದ ಕಥೆಯಾದರೆ ಮೊದಲ ಸಲ ನೋಡುವವರಿಗೂ ದಾರಿ ತಪ್ಪುವುದಿಲ್ಲ. ಹೊಸ ಪ್ರಸಂಗಗಳಲ್ಲಿ ಮಾತು ಜಾಸ್ತಿ, ಕಥೆಯೂ ಸಿನಿಮಾದಂತೆ ತಿರುಗುತ್ತದೆ. ಮೂರನೆಯದು ಭಾಗವತರ ಹೆಸರು. ಇಲ್ಲಿನ ರಸಿಕರು ಮೊದಲು ನೋಡುವುದು ಇದನ್ನೇ, ವೇಷಧಾರಿಗಳನ್ನು ಆಮೇಲೆ. ಯಾರು ಹಾಡುತ್ತಾರೆ ಎಂಬುದರ ಮೇಲೆ ಆ ರಾತ್ರಿಯ ಕಳೆ ನಿಂತಿದೆ.

ಒಯ್ಯಬೇಕಾದದ್ದು ಚಾಪೆ, ಕಂಬಳಿ, ಕಿವಿ ಮುಚ್ಚುವ ಟೊಪ್ಪಿ. ಹನ್ನೆರಡರ ಮೇಲೆ ಮಂಜು ಬೀಳಲು ಶುರುವಾಗುತ್ತದೆ, ಘಟ್ಟದ ಮೇಲಂತೂ ಚಾಪೆಯೇ ಒದ್ದೆ. ರಂಗಸ್ಥಳಕ್ಕೆ ತೀರಾ ಎದುರು ಕೂರಬೇಡಿ, ಸ್ವಲ್ಪ ಬದಿಗೆ, ಮದ್ದಳೆಯವರ ಕೈ ಕಾಣುವ ಕಡೆ ಕೂತರೆ ಕುಣಿತಕ್ಕೂ ಪೆಟ್ಟಿಗೂ ಇರುವ ನಂಟು ಗೊತ್ತಾಗುತ್ತದೆ. ಚಂಡೆಯ ಸದ್ದಿಗೆ ಸಣ್ಣ ಮಕ್ಕಳು ಬೆಚ್ಚುತ್ತಾರೆ, ಧ್ವನಿವರ್ಧಕದ ಹತ್ತಿರ ಬೇಡ.

ಆಟ ಶುರುವಾಗುವ ಒಂದು ಗಂಟೆ ಮೊದಲೇ ಹೋದರೆ ಚೌಕಿ ನೋಡಬಹುದು. ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವುದು ಅಲ್ಲಿ. ಅಲ್ಲಿ ಗಣಪತಿ ಪೂಜೆ ಆಗಿರುತ್ತದೆ, ಚಪ್ಪಲಿ ಹೊರಗೆ ಬಿಡಿ. ಕೇಳಿ ಫೋಟೋ ತೆಗೆಯಿರಿ. ಕಿರೀಟ, ಆಭರಣ ಮುಟ್ಟಬೇಡಿ. ಬಣ್ಣ ಹಚ್ಚುವಾಗ ಮಾತಿಗೆಳೆಯುವುದೂ ಬೇಡ.

ಇಡೀ ರಾತ್ರಿ ಕೂರಲು ಆಗದವರು ಸಂಜೆ ಒಂದು ನಿದ್ದೆ ಮಾಡಿ ಹನ್ನೊಂದೂವರೆಗೆ ಹೋಗಿ. ದೊಡ್ಡ ವೇಷಗಳು ಹೆಚ್ಚಾಗಿ ಆ ಮೇಲೆಯೇ. ನಿದ್ದೆ ಬಂದರೆ ಬದಿಯ ಅಂಗಡಿಯಲ್ಲಿ ಚಾ, ಆಮ್ಲೆಟ್, ಚುರುಮುರಿ ಉಂಟು. ಅಲ್ಲಿ ನಿಂತವರ ವಿಮರ್ಶೆ ಕೇಳುವುದೂ ಆಟದ ಒಂದು ಭಾಗವೇ ಅಲ್ವಾ?

ಸಭಾಂಗಣದ ಶಿಸ್ತಿನಲ್ಲಿ ನೋಡಬೇಕು ಎನ್ನುವವರಿಗೆ ಹೊನ್ನಾವರ ತಾಲ್ಲೂಕಿನ ಗುಣವಂತೆ ಇದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಅದು. ಅವರ ಮಗ ಶಂಭು ಹೆಗಡೆಯವರ ಹೆಸರಿನಲ್ಲಿ ನಡೆಯುವ ರಾಷ್ಟ್ರೀಯ ನಾಟ್ಯೋತ್ಸವಕ್ಕೆ ಬೇರೆ ರಾಜ್ಯಗಳ ತಂಡಗಳೂ ಬರುತ್ತವೆ. ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಇಡಗುಂಜಿಯ ರಥಸಪ್ತಮಿಯ ಹೊತ್ತಿನಲ್ಲೇ, ವೇಷ ಕಟ್ಟಿ ಕುಣಿದ ಮೇಲೆ. ಇಂದಿಗೂ ಆ ತೇರಿನ ದಿನ ಇಲ್ಲಿನವರ ಮಾತು ಅವರ ಕಡೆಗೆ ತಿರುಗುತ್ತದೆ.

7. ಆಲೆಮನೆ

ಶಿರಸಿ, ಸಿದ್ದಾಪುರದ ಕಡೆ ಜನವರಿಯಿಂದ ಕಬ್ಬು ಅರೆಯುತ್ತಾರೆ. ಇದಕ್ಕೆ ಬೋರ್ಡೂ ಇಲ್ಲ, ಸಮಯವೂ ಇಲ್ಲ. ಯಾರ ಮನೆಯಲ್ಲಿ ಆಲೆಮನೆ ಎಂದು ಕೇಳಿಕೊಂಡು ಹೋಗಬೇಕು. ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ಇಲ್ಲ. ಹಾಗೆಂದು ಎರಡು ಕಾರು ತುಂಬಾ ಹೇಳದೆ ಹೋಗಿ ಇಳಿಯುವುದು ಸರಿಯಲ್ಲ. ಮೊದಲೇ ಒಂದು ಫೋನ್ ಮಾಡಿ, ಹೋಗುವಾಗ ಮಂಡಕ್ಕಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗಿ. ಅಲ್ಲಿ ಅದಕ್ಕೇ ಬೆಲೆ. ಪರಿಚಯ ಯಾರೂ ಇಲ್ಲದವರಿಗೆ ಟಿಕೆಟ್ ಇಟ್ಟು ನಡೆಸುವ ಆಲೆಮನೆ ಹಬ್ಬಗಳೂ ಶಿರಸಿ ಕಡೆ ನಡೆಯುತ್ತವೆ. ಮನೆಯ ಆಲೆಮನೆಯ ರುಚಿ ಅದಕ್ಕಿಲ್ಲ, ಆದರೆ ಮಕ್ಕಳಿಗೆ ತೋರಿಸಲು ಅಡ್ಡಿಯಿಲ್ಲ.

ಸಂಜೆ ನಾಲ್ಕರ ಮೇಲೆ ಹೋಗಿ. ಗಾಣದಿಂದ ಬಂದ ಹಾಲನ್ನು ಸೋಸಿ ದೊಡ್ಡ ಕೊಪ್ಪರಿಗೆಗೆ ಹಾಕಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಚೂರು ಸುಣ್ಣ ಬಿದ್ದಾಗ ಕೊಳೆ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಲೇ ಇರಬೇಕು. ಪಾಕ ಹದಕ್ಕೆ ಬರುವಾಗ ಏಳುವ ನೊರೆಬೆಲ್ಲ ಸಿಕ್ಕಿದರೆ ಬಿಡಬೇಡಿ. ಅದು ಡಬ್ಬಿಯಲ್ಲಿ ಊರಿಗೆ ಒಯ್ಯುವಂಥದ್ದಲ್ಲ, ಅಲ್ಲೇ ಬಾಳೆ ಎಲೆಯ ಮೇಲೆ ತಿನ್ನಬೇಕು. ಒಯ್ಯುವುದಕ್ಕೆ ದ್ರವವಾಗಿಯೇ ಇರುವ ಜೋನಿಬೆಲ್ಲ ಇದೆ, ಡಬ್ಬ ನೀವೇ ತನ್ನಿ.

ಹಾಲು ಒಂದೇ ಸಲ ಮೂರು ಲೋಟ ಕುಡಿಯಬೇಡಿ. ರೂಢಿ ಇಲ್ಲದ ಹೊಟ್ಟೆ ರಾತ್ರಿ ಕೈಕೊಡುತ್ತದೆ. ಒಂದು ಲೋಟ, ನಡುವೆ ಖಾರದ್ದು ಏನಾದರೂ, ಮತ್ತೆ ಅರ್ಧ ಲೋಟ. "ಆಸರಿಗೆ (ಕುಡಿಯಲು) ಎಂತ ಬೇಕು" ಎಂದು ಮನೆಯವರು ಮತ್ತೆ ಮತ್ತೆ ಕೇಳುತ್ತಾರೆ, ಸಂಕೋಚವಿಲ್ಲದೆ ಸಾಕು ಅನ್ನಿ.

ತೊಡೆದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ಮಾಡುತ್ತಿದ್ದರೆ ಅಲ್ಲೇ ಕೂತುಬಿಡಿ. ಬೋರಲು ಹಾಕಿದ ಮಣ್ಣಿನ ಗಡಿಗೆ, ಒಳಗೆ ಬೆಂಕಿ. ಅಕ್ಕಿ ಹಿಟ್ಟು ಕಲಸಿದ ಕಬ್ಬಿನ ಹಾಲಿನಲ್ಲಿ ಬಟ್ಟೆ ಅದ್ದಿ ಗಡಿಗೆಯ ಬೆನ್ನಿಗೆ ಒಂದೇ ಎಳೆತ. ಚಣದಲ್ಲಿ ಕಾಗದದಷ್ಟು ತೆಳ್ಳಗೆ ಏಳುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ತಡವಾದರೆ ಪುಡಿ. ಅಂಗಡಿಯಲ್ಲಿ ಕೊಳ್ಳುವಾಗ ಗೋಣಿಚೀಲದಂತೆ ದಪ್ಪ ಇರುವುದನ್ನು ಬಿಟ್ಟು, ಬೆಳಕಿಗೆ ಹಿಡಿದರೆ ಆಚೆ ಕಾಣುವುದನ್ನು ಆರಿಸಿ. ಬಿಸಿ ಹಾಲು, ತುಪ್ಪದ ಜೊತೆ ತಿನ್ನಿ.

8. ಚಳಿ ಇಳಿಯುವ ಹೊತ್ತಿಗೆ

ಫೆಬ್ರವರಿ ಬಂತೆಂದರೆ ಎಲ್ಲ ಒಟ್ಟಿಗೆ ಬರುತ್ತವೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024ರ ಹಾಗೆ ಸಮಸಂಖ್ಯೆಯ ವರ್ಷಗಳಲ್ಲಿ. ಆ ವಾರ ಶಿರಸಿಯಲ್ಲಿ ರೂಮ್ ಸಿಗುವುದಿಲ್ಲ, ಸಿದ್ದಾಪುರ ಅಥವಾ ಯಲ್ಲಾಪುರದಲ್ಲಿ ಉಳಿಯಿರಿ. ತೇರಿನ ದಿನ ಜಾತ್ರೆ ನಡೆಯುವ ಬಿಡಕಿಬೈಲಿನ ಕಡೆ ಬೆಳಿಗ್ಗೆಯೇ ಜಾಗ ಹಿಡಿಯಬೇಕು. ಜನಸಂದಣಿ ಆಗದವರು ದೇವಿ ಗದ್ದುಗೆಯಲ್ಲಿ ಕೂತ ಮೇಲಿನ ದಿನಗಳಲ್ಲಿ, ಮಧ್ಯಾಹ್ನ ಹೋಗಿ. ಜಾತ್ರೆ ಇಲ್ಲದ ವರ್ಷ ಬಂದವರಿಗೂ ನಷ್ಟವಿಲ್ಲ, ಆ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ನವಿಲುಗರಿ ಹೊತ್ತ ಬೇಡ ರಾತ್ರಿ ಬೀದಿಯಲ್ಲಿ ಕುಣಿಯುತ್ತ ಬರುವಾಗ ಹಗ್ಗ ಹಿಡಿದವರಿಗಿಂತ ಮುಂದೆ ನಿಲ್ಲಬೇಡಿ. ಅವನು ನುಗ್ಗುವುದು ನಿಜವಾಗಿಯೂ ನುಗ್ಗುವುದೇ.

ಕದಂಬೋತ್ಸವ ಪ್ರಕಟವಾದರೆ ಶಿರಸಿಯಿಂದ ಬನವಾಸಿಗೆ ಬಸ್ಸುಗಳಿವೆ. ಹಗಲಲ್ಲೇ ತಲುಪಿ ಮಧುಕೇಶ್ವರ ದೇವಸ್ಥಾನ ನಿಧಾನ ನೋಡಿ, ಸಂಜೆ ವೇದಿಕೆಗೆ ಹೋಗಿ. ಶಿವರಾತ್ರಿಗೆ ಗೋಕರ್ಣದ ಸಾಲು ಉದ್ದ. ಅಷ್ಟು ನಿಲ್ಲಲಾಗದವರು ಶಾಲ್ಮಲೆಯ ಸಹಸ್ರಲಿಂಗಕ್ಕೆ ಹೋಗಬಹುದು, ಅಲ್ಲೂ ಜನ ಇರುತ್ತಾರೆ, ಆದರೆ ಹೊಳೆ ಅಗಲವಿದೆ.

ಬಟ್ಟೆಯ ವಿಷಯ. ಕಾರವಾರದಲ್ಲಿ ಸ್ವೆಟರ್ ಬ್ಯಾಗಿನಲ್ಲೇ ಉಳಿಯುತ್ತದೆ, ಶಿರಸಿಯಲ್ಲಿ ಬೆಳಿಗ್ಗೆ ಬೇಕೇ ಬೇಕು. ಸಿದ್ದಾಪುರದ ಕಾಡಂಚಿಗೆ ಹೋಗುವವರಿಗೆ ರಕ್ತ ಹೀರುವ ಉಣ್ಣೆ ಹುಳದ (ಉಣುಗು) ಬಗ್ಗೆ ಎಚ್ಚರ ಇರಲಿ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ತಿಂಗಳ ನಡುವೆಯೇ. ಮೈ ತುಂಬ ಬಟ್ಟೆ ತೊಡಿ, ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತು ಬಿದ್ದಿದೆ ಎಂದು ಕೇಳಿದ ಕಡೆ ಕಾಲಿಡಬೇಡಿ. ತಿರುಗಿ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಹಾಕಿದ ಬಟ್ಟೆಯನ್ನು ಬೇರೆ ನೆನೆಹಾಕಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಹಳ್ಳಿಯ ಜಾತ್ರೆ, ಆಟಕ್ಕೆ ಬಸ್ಸಿನಲ್ಲಿ ಹೋಗುವವರು ಇಳಿದ ಕೂಡಲೇ ಕಂಡಕ್ಟರನ್ನು ವಾಪಸಿನ ಕೊನೆಯ ಬಸ್ಸು ಯಾವಾಗ ಹೋಗುತ್ತದೆ ಎಂದು ಕೇಳಿಕೊಳ್ಳಿ. ಹೆಚ್ಚಿನ ಕಡೆ ಅದು ಸಂಜೆ ಏಳರೊಳಗೇ ಇರುತ್ತದೆ. ಅದು ತಪ್ಪುವ ಹಾಗಿದ್ದರೆ ರಿಕ್ಷಾದವರ ಜೊತೆ ವಾಪಸಿನ ದರವನ್ನು ಮೊದಲೇ ಮಾತಾಡಿಕೊಂಡಿರಬೇಕು.